ಸಂಜೆ ಆರೂಕಾಲಿಗೆ ಒಂದು ಆಲ್ಬಂ: ‘ಗೋಲ್ಡನ್ ಅವರ್’ ಕೇಳೋದು ಹೇಗೆ, ಯಾಕೆ?

(ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಓದೋದೇ ಇಷ್ಟ ಅನ್ನುವವರಿಗೆ, ಈ ವಾರದ ಮಾತಿನ ಬರಹರೂಪ. ಮಾತಿನಲ್ಲಿ ಬಂದ ಕೆಲವು ಪುನರಾವರ್ತನೆಗಳನ್ನು ತೆಗೆದಿದ್ದೇನೆ, ಅಷ್ಟೇ.)

ಮುಂಬೈಯವರು ಬೆವರು ಒರೆಸ್ಕೊಳ್ತಾ ಇರ್ತೀರಿ. ಚೆನ್ನೈಯವರಿಗೆ ಸಮುದ್ರದ ಗಾಳಿ ಇವತ್ತಾದ್ರೂ ಬರುತ್ತೋ ಇಲ್ವೋ ಅನ್ನೋ ಚಿಂತೆ. ದೆಹಲಿಯವರ ಕಥೆ ಕೇಳೋದೇ ಬೇಡ. ನಮ್ಮ ಪುಣೆಯಲ್ಲಿ ಮಾತ್ರ ಒಂದು ಪುಣ್ಯ ಇದೆ. ಹಗಲೆಲ್ಲ ಎಷ್ಟೇ ಕಾದಿರಲಿ, ಸಂಜೆ ಆರು ದಾಟಿದ ಮೇಲೆ ಟೆರೇಸಿನ ಮೇಲೆ ಒಂದು ಒಣ ಗಾಳಿ ಬೀಸುತ್ತೆ. ಆ ಹೊತ್ತಿಗೆ ಏನು ಕೇಳಬೇಕು ಅನ್ನೋದೇ ಇವತ್ತಿನ ವಿಷಯ.

ಮೊದಲು ಒಂದು ಸ್ವಂತ ವಿಷಯ ಹೇಳಿಬಿಡ್ತೀನಿ, ಇಲ್ಲದಿದ್ದರೆ ಈ ಆಲ್ಬಂ ನನ್ನ ಕೈಗೆ ಹೇಗೆ ಬಂತು ಅಂತ ಅರ್ಥ ಆಗಲ್ಲ. ನಮ್ಮ ಅವ್ವ ಹುಬ್ಬಳ್ಳಿಯಲ್ಲಿ ಇದ್ದಳು. ನಾನು ಪುಣೆಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು. ಇಷ್ಟೂ ವರ್ಷ ದಿನಾ ಸಂಜೆ ಆರೂಕಾಲಿಗೆ ಅವಳ ಫೋನು. ಕೇಳುವ ಪ್ರಶ್ನೆಗಳೂ ಅವೇ. “ಚಾ ಆತೇನಪಾ? ಬಿಸಲ ಭಾಳ ಐತೇನು ಅಲ್ಲೆ?” ಈ ಜನವರಿಯಲ್ಲಿ ಅವ್ವ ಹೋದಳು. ಹನ್ನೆರಡನೇ ದಿನ ಮುಗಿಸಿ ವಾಪಸ್ ಬಂದೆ, ಕೆಲಸಕ್ಕೂ ಹೋದೆ. ಎಲ್ಲ ಸರಿ. ಆದರೆ ಸಂಜೆ ಆರೂಕಾಲಾದರೆ ಕೈ ತಾನಾಗೇ ಫೋನಿನ ಕಡೆ ಹೋಗೋದು. ಫೋನ್ ಹಿಡ್ಕೊಂಡು ಸುಮ್ಮನೆ ಕೂತಿರ್ತಿದ್ದೆ.

ಮಗಳು ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾಳೆ. ಯುಗಾದಿಗೆ ಬಂದಾಗ ಇದನ್ನ ನೋಡಿರಬೇಕು. ವಾಪಸ್ ಹೋದ ಮೇಲೆ ಒಂದು ಲಿಂಕ್ ಕಳಿಸಿದಳು, ಜೊತೆಗೆ ಒಂದು ವಾಯ್ಸ್ ಮೆಸೇಜು. “ಅಪ್ಪಾ, ಸಂಜಿಮುಂದ ಫೋನ್ ಹಿಡಕೊಂಡು ಸುಮ್ನ ಕೂಡಬ್ಯಾಡ. ಇದನ್ನ ಹಚ್ಚು. ಶಫಲ್ ಮಾತ್ರ ಮಾಡಬ್ಯಾಡ.”

ತೆಗೆದು ನೋಡಿದರೆ ಅಮೆರಿಕದ ಕಂಟ್ರಿ ಸಂಗೀತ! ನಾನು ಕಿಶೋರಿ ಅಮೋಣಕರ್, ಮನ್ಸೂರರು, ಹಳೇ ಕನ್ನಡ ಸಿನಿಮಾ ಹಾಡು ಇಷ್ಟರಲ್ಲೇ ಇದ್ದವನು. ಕಂಟ್ರಿ ಅಂದ್ರೆ ನನ್ನ ತಲೆಯಲ್ಲಿ ಇದ್ದದ್ದು ಒಂದು ದೊಡ್ಡ ಟೋಪಿ, ಒಂದು ಕುದುರೆ, ಮೂಗಿನಲ್ಲಿ ಹಾಡುವ ಒಬ್ಬ ಗಂಡಸು. ಮಗಳು ಹೇಳಿದ್ದಾಳೆ ಅಂತ ಹಚ್ಚಿದೆ. ಎರಡು ತಿಂಗಳಾಯ್ತು, ಇನ್ನೂ ಕೇಳ್ತಾ ಇದ್ದೀನಿ.

ಯಾರದು, ಯಾವಾಗಿನದು?

ಆಲ್ಬಮ್ಮಿನ ಹೆಸರು ‘ಗೋಲ್ಡನ್ ಅವರ್’. ಹಾಡಿದವರು ಕೇಸಿ ಮಸ್‌ಗ್ರೇವ್ಸ್. ಹುಟ್ಟಿದ್ದು 1988ರಲ್ಲಿ, ಅಮೆರಿಕದ ಟೆಕ್ಸಸ್ ರಾಜ್ಯದವರು. ಬೆಳೆದ ಚಿಕ್ಕ ಊರಿನ ಹೆಸರೂ ಗೋಲ್ಡನ್ ಅಂತಲೇ. ಅಲ್ಲಿ ವರ್ಷಕ್ಕೊಮ್ಮೆ ಸಿಹಿಗೆಣಸಿನ ಜಾತ್ರೆ ನಡೆಯುತ್ತೆ ಅಂದ್ರೆ ಎಂಥಾ ಊರು ಅಂತ ನೀವೇ ಲೆಕ್ಕ ಹಾಕಿ.

2013ರಲ್ಲಿ ಬಂದ ‘ಸೇಮ್ ಟ್ರೇಲರ್ ಡಿಫರೆಂಟ್ ಪಾರ್ಕ್’ ಆಲ್ಬಮ್ಮಿಗೇ ಆಕೆಗೆ ಗ್ರ್ಯಾಮಿ ಸಿಕ್ಕಿತ್ತು. ಸಣ್ಣ ಊರಿನ ಬದುಕಿನ ಉಸಿರುಗಟ್ಟುವಿಕೆಯನ್ನು ನಗುನಗುತ್ತಲೇ ಚುಚ್ಚಿ ಹೇಳುವ ಹಾಡುಗಳು ಅವು. ‘ಗೋಲ್ಡನ್ ಅವರ್’ ಬಂದದ್ದು 2018ರ ಮಾರ್ಚ್ 30ಕ್ಕೆ. ಹಿಂದಿನ ವರ್ಷವಷ್ಟೇ ಆಕೆಗೆ ಮದುವೆಯಾಗಿತ್ತು, ಹಾಗಾಗಿ ಇಲ್ಲಿ ಚುಚ್ಚುಮಾತು ಕಡಿಮೆ, ಬೆರಗು ಜಾಸ್ತಿ. ಡೇನಿಯಲ್ ಟಾಶಿಯನ್ ಮತ್ತು ಇಯಾನ್ ಫಿಚಕ್ ಅನ್ನುವ ಇಬ್ಬರ ಜೊತೆ ಸೇರಿ ಕೇಸಿಯೇ ಇದನ್ನು ನಿರ್ಮಿಸಿದ್ದು. ರೆಕಾರ್ಡಿಂಗಿನ ಬಹುಪಾಲು ನಡೆದದ್ದು ನ್ಯಾಶ್‌ವಿಲ್ ನಗರದಲ್ಲಿ, ಗಾಯಕಿ ಶೆರಿಲ್ ಕ್ರೋ ಅವರ ಸ್ಟುಡಿಯೋದಲ್ಲಿ. ಆ ಸ್ಟುಡಿಯೋ ಇರೋದು ಕುದುರೆ ಲಾಯದ ಮೇಲಿನ ಅಂತಸ್ತಿನಲ್ಲಿ. ನನ್ನ ತಲೆಯಲ್ಲಿದ್ದ ಕುದುರೆ ಪೂರ್ತಿ ಸುಳ್ಳೇನಲ್ಲ!

ಮುಂದಿನ ವರ್ಷ, 2019ರ ಫೆಬ್ರವರಿಯಲ್ಲಿ, ಇದಕ್ಕೆ ನಾಲ್ಕು ಗ್ರ್ಯಾಮಿ ಬಂತು. ಅದರಲ್ಲಿ ಒಂದು ಎಲ್ಲಕ್ಕಿಂತ ದೊಡ್ಡದಾದ ವರ್ಷದ ಆಲ್ಬಂ ಪ್ರಶಸ್ತಿ. ಆದರೆ ತಮಾಷೆ ನೋಡಿ, ಅಮೆರಿಕದ ಕಂಟ್ರಿ ರೇಡಿಯೋ ಸ್ಟೇಷನ್ನುಗಳು ಈ ಹಾಡುಗಳನ್ನು ಅಷ್ಟಾಗಿ ಹಾಕಲೇ ಇಲ್ಲ. ಯಾಕೆ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

‘ಇದು ಅಸಲಿ ಅಲ್ಲ’ ಅನ್ನೋ ಹಳೇ ಜಗಳ

ಕಂಟ್ರಿ ಸಂಗೀತ ಅಂತ ಇವತ್ತು ಕರೆಯೋದು ಅಮೆರಿಕದ ದಕ್ಷಿಣದ ಹಳ್ಳಿಗಳಲ್ಲಿ ಹುಟ್ಟಿದ್ದು. ಬ್ರಿಟನ್ ಕಡೆಯಿಂದ ವಲಸೆ ಬಂದವರ ಕಥನಗೀತೆ, ಪಿಟೀಲು, ಚರ್ಚಿನ ಹಾಡು, ಕಪ್ಪು ಜನರ ಬ್ಲೂಸ್ ಎಲ್ಲವೂ ಅದರಲ್ಲಿ ಕೂಡಿವೆ. 1925ರಲ್ಲಿ ನ್ಯಾಶ್‌ವಿಲ್‌ನ ರೇಡಿಯೋದಲ್ಲಿ ‘ಗ್ರ್ಯಾಂಡ್ ಓಲ್ ಆಪ್ರಿ’ ಕಾರ್ಯಕ್ರಮ ಶುರುವಾಯ್ತು. 1927ರಲ್ಲಿ ಬ್ರಿಸ್ಟಲ್ ಅನ್ನೋ ಊರಲ್ಲಿ ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಜರ್ಸ್ ಮೊದಲ ಸಲ ರೆಕಾರ್ಡಿಂಗಿಗೆ ಹಾಡಿದರು. ಅಲ್ಲಿಂದ ಇದು ವ್ಯಾಪಾರ ಆಯ್ತು.

ವ್ಯಾಪಾರ ಆದ ಮೇಲೆ ಪೇಟೆಯ ಕಿವಿಗೂ ಹಿಡಿಸಬೇಕಲ್ಲ? 1950ರ ದಶಕದ ಕೊನೆಯಲ್ಲಿ ಚೆಟ್ ಅಟ್ಕಿನ್ಸ್, ಓವನ್ ಬ್ರಾಡ್ಲಿ ಮುಂತಾದ ನಿರ್ಮಾಪಕರು ಹಳ್ಳಿಯ ಪಿಟೀಲು, ಬ್ಯಾಂಜೊ ಹಿಂದೆ ಸರಿಸಿ ವಯಲಿನ್ನುಗಳ ಗುಂಪು, ಮೆತ್ತನೆಯ ಕೋರಸ್ ತಂದರು. ಅದಕ್ಕೆ ನ್ಯಾಶ್‌ವಿಲ್ ಸೌಂಡ್ ಅಂತಲೇ ಹೆಸರು ಬಿತ್ತು. ಪ್ಯಾಟ್ಸಿ ಕ್ಲೈನ್ ಹಾಡಿದ ‘ಕ್ರೇಜಿ’ 1961ರದ್ದು, ಅದೇ ಕಾಲದ್ದು. 1962ರಲ್ಲಿ ರೇ ಚಾರ್ಲ್ಸ್ ಅನ್ನುವ ಕಪ್ಪು ಗಾಯಕ ಕಂಟ್ರಿ ಹಾಡುಗಳನ್ನೇ ತನ್ನ ಶೈಲಿಯಲ್ಲಿ ಹಾಡಿ ಒಂದು ಇಡೀ ಆಲ್ಬಂ ಮಾಡಿದರು. ಮುಂದೆ ಡಾಲಿ ಪಾರ್ಟನ್, ಶನಾಯಾ ಟ್ವೇನ್. ಅಂದ್ರೆ ಕಂಟ್ರಿ ಮತ್ತು ಪಾಪ್ ಬೆರೆಯೋದು ಹೊಸದೇನಲ್ಲ.

ಹಾಗೇ ಜಗಳವೂ ಹೊಸದಲ್ಲ. 1975ರಲ್ಲಿ ಕಂಟ್ರಿ ಸಂಗೀತ ಸಂಘದ ಪ್ರಶಸ್ತಿ ಸಮಾರಂಭ. ವರ್ಷದ ಕಲಾವಿದ ಯಾರು ಅಂತ ಹೇಳಬೇಕಾಗಿದ್ದವರು ಗಾಯಕ ಚಾರ್ಲಿ ರಿಚ್. ಲಕೋಟೆ ಒಡೆದರು, ಒಳಗೆ ಪಾಪ್ ಕಡೆಯೂ ಹೆಸರು ಮಾಡಿದ್ದ ಜಾನ್ ಡೆನ್ವರ್ ಹೆಸರು. ಚಾರ್ಲಿ ರಿಚ್ ಜೇಬಿನಿಂದ ಲೈಟರ್ ತೆಗೆದು, ವೇದಿಕೆ ಮೇಲೇ ಆ ಚೀಟಿಗೆ ಬೆಂಕಿ ಹಚ್ಚಿದರು! ಅದು ಪ್ರತಿಭಟನೆಯೋ ಅಮಲಿನ ಆಟವೋ ಅಂತ ಇವತ್ತಿಗೂ ವಾದ ಇದೆ. 2019ರಲ್ಲಿ ಲಿಲ್ ನ್ಯಾಸ್ ಎಕ್ಸ್‌ನ ‘ಓಲ್ಡ್ ಟೌನ್ ರೋಡ್’ ಹಾಡನ್ನು ಬಿಲ್‌ಬೋರ್ಡ್ ಪತ್ರಿಕೆ ತನ್ನ ಕಂಟ್ರಿ ಪಟ್ಟಿಯಿಂದ ತೆಗೆದು ಹಾಕಿತು. ನಮ್ಮ ಕೇಸಿಗೂ ತಪ್ಪಲಿಲ್ಲ. ಆಕೆಯ 2021ರ ಆಲ್ಬಂ ‘ಸ್ಟಾರ್-ಕ್ರಾಸ್ಡ್’ ಕಂಟ್ರಿ ವಿಭಾಗಕ್ಕೆ ಸೇರುವುದಿಲ್ಲ ಅಂತ ಗ್ರ್ಯಾಮಿಯವರೇ ಹೇಳಿ ಪಾಪ್ ಕಡೆಗೆ ಕಳಿಸಿದರು.

ಈ ಜಗಳ ನಮಗೆ ಅರ್ಥ ಆಗದ್ದೇನಲ್ಲ. ಶರೀಫರ ತತ್ವಪದಗಳನ್ನು ಅವ್ವನ ಕಾಲದವರು ಭಜನಾಮಂಡಳಿಯಲ್ಲಿ ತಾಳ, ದಮಡಿ ಇಟ್ಕೊಂಡು ಕೇಳಿದವರು. ಆಮೇಲೆ ಸಿ. ಅಶ್ವತ್ಥ್ ಅವನ್ನು ವಾದ್ಯವೃಂದದ ಜೊತೆ ಹಾಡಿ ಮನೆಮನೆಗೆ ತಂದರು. 2008ರಲ್ಲಿ ರಘು ದೀಕ್ಷಿತ್ ಗಿಟಾರು, ಡ್ರಮ್ಸ್ ಸೇರಿಸಿ ಹಾಡಿದರು. ಪ್ರತಿ ಸಲವೂ ‘ಇದು ಅಸಲಿ ಅಲ್ಲ’ ಅನ್ನುವವರು ಇದ್ದೇ ಇದ್ದರು. ಅವ್ವ ಮಾತ್ರ ಮೂರನ್ನೂ ಕೇಳ್ತಿದ್ದಳು.

ಕಿವಿಗೆ ಬೀಳುವ ಮೂರು ಸದ್ದು

ಈ ಆಲ್ಬಮ್ಮನ್ನು ಮೊದಲ ಸಲ ಕೇಳುವಾಗ ಇಂಗ್ಲಿಷ್ ಪದ ಹಿಡಿಯೋಕೆ ಹೋಗಬೇಡಿ. ಮೂರು ಸದ್ದಿನ ಮೇಲೆ ಕಿವಿ ಇಡಿ, ಸಾಕು.

ಒಂದು, ಬ್ಯಾಂಜೊ. ಮುಂಬೈಯವರು ಈ ಹೆಸರು ಕೇಳಿದ ತಕ್ಷಣ ಗಣಪತಿ ಮೆರವಣಿಗೆಯ ಬೆಂಜೊ ಪಾರ್ಟಿ ನೆನೆಸ್ಕೊಳ್ತೀರಿ. ಅದು ಬೇರೆ. ನಮ್ಮ ಕಡೆಯ ಬೆಂಜೊ ಅಂದ್ರೆ ಬುಲ್‌ಬುಲ್ ತರಂಗ್. ಟೈಪ್‌ರೈಟರಿನ ಹಾಗೆ ಗುಂಡಿ ಒತ್ತಿ ನುಡಿಸೋದು, ಜಪಾನಿನ ಒಂದು ವಾದ್ಯದಿಂದ ಬಂದದ್ದು. ಅಮೆರಿಕದ ಬ್ಯಾಂಜೊಗೆ ದುಂಡನೆಯ, ಚರ್ಮ ಬಿಗಿದ ಹೊಟ್ಟೆ, ಉದ್ದ ಕತ್ತು. ಇದರ ಬೇರು ಇರೋದು ಆಫ್ರಿಕಾದಲ್ಲಿ, ಗುಲಾಮರಾಗಿ ಬಂದ ಜನರ ನೆನಪಿನಲ್ಲಿ. ಚರ್ಮದ ಮೇಲೆ ತಂತಿ ಮಿಡಿಯೋದರಿಂದ ಸದ್ದು ತಟಕ್ಕನೆ ಹುಟ್ಟಿ ತಟಕ್ಕನೆ ಸಾಯುತ್ತೆ, ಹೆಂಚಿನ ಮೇಲೆ ಮಳೆಹನಿ ಬಿದ್ದ ಹಾಗೆ.

ಎರಡು, ವೋಕೋಡರ್. ನಾಲ್ಕನೇ ಹಾಡು ‘ಓ, ವಾಟ್ ಎ ವರ್ಲ್ಡ್’ ಶುರುವಾಗೋದೇ ಒಂದು ಯಂತ್ರಮಾನವನ ದನಿಯಿಂದ. ಆಮೇಲೆ ಅದರ ಪಕ್ಕದಲ್ಲೇ ಬ್ಯಾಂಜೊ ಬಂದು ಕೂರುತ್ತೆ. ಈ ವೋಕೋಡರ್ ಅನ್ನೋದನ್ನ ಸಂಗೀತಕ್ಕೆ ಅಂತ ಮಾಡಿದ್ದೇ ಅಲ್ಲ. 1930ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹೋಮರ್ ಡಡ್ಲಿ ಅನ್ನೋ ಎಂಜಿನಿಯರ್ ಇದನ್ನ ಮಾಡಿದ್ದು ಟೆಲಿಫೋನಿಗೋಸ್ಕರ. ಮನುಷ್ಯನ ದನಿಯನ್ನು ಪೂರ್ತಿ ಕಳಿಸುವ ಬದಲು, ಅದರ ಏರಿಳಿತದ ಅಳತೆಗಳನ್ನಷ್ಟೇ ತಂತಿಯಲ್ಲಿ ಕಳಿಸಿ, ಆ ಕಡೆ ಮತ್ತೆ ದನಿ ಕಟ್ಟೋದು. ಎರಡನೇ ಮಹಾಯುದ್ಧದಲ್ಲಿ ಗುಟ್ಟಿನ ಮಾತುಕತೆಗೂ ಬಳಸಿದರು. ದೂರದವರ ದನಿ ಹತ್ತಿರ ತರೋಕೆ ಹುಟ್ಟಿದ ಯಂತ್ರ ಇದು. ಇದನ್ನ ಓದಿ ತಿಳ್ಕೊಂಡ ದಿನ ಆ ಹಾಡು ನನಗೆ ಬೇರೆ ಥರ ಕೇಳಿಸ್ತು.

ಮೂರು, ಪೆಡಲ್ ಸ್ಟೀಲ್ ಗಿಟಾರ್. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗಿಟಾರನ್ನು ಎದೆಗೆ ಒತ್ತಿ ಹಿಡಿಯೋದಲ್ಲ. ಮೇಜಿನ ಹಾಗೆ ಮುಂದೆ ಅಡ್ಡ ಮಲಗಿಸಿರ್ತಾರೆ. ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸ್ತಾರೆ. ಕಾಲಡಿಯಲ್ಲಿ ಪೆಡಲ್ಲು, ಮೊಣಕಾಲ ಹತ್ತಿರ ಸನ್ನೆ. ಅವನ್ನ ಒತ್ತಿದರೆ ನುಡಿಯುತ್ತಿರುವಾಗಲೇ ತಂತಿಯ ಶ್ರುತಿ ಬದಲಾಗುತ್ತೆ. 1954ರಲ್ಲಿ ವೆಬ್ ಪಿಯರ್ಸ್‌ನ ‘ಸ್ಲೋಲಿ’ ಹಾಡಿನಲ್ಲಿ ಬಡ್ ಐಸಾಕ್ಸ್ ಇದನ್ನು ನುಡಿಸಿದ ಮೇಲೆ ಕಂಟ್ರಿ ಸಂಗೀತದಲ್ಲಿ ಇದಿಲ್ಲದೆ ಆಗೋದೇ ಇಲ್ಲ ಅನ್ನೋ ಹಾಗಾಯ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಹಾರೋದಿಲ್ಲ, ಜಾರಿಕೊಂಡೇ ಹೋಗುತ್ತೆ. ಧಾರವಾಡದ ಕಡೆಯವರಿಗೆ ಮೀಂಡ್ ಅಂದರೆ ಗೊತ್ತು. ಅದೇ.

ಇದರ ಮೂಲ ಹವಾಯಿ ದ್ವೀಪಗಳು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜೋಸೆಫ್ ಕೆಕುಕು ಅನ್ನುವವರು ತಂತಿಯ ಮೇಲೆ ಉಕ್ಕು ಜಾರಿಸುವ ರೀತಿ ತಂದರು ಅನ್ನುತ್ತಾರೆ. ಅದು ಒಂದು ಕಡೆ ಅಮೆರಿಕದ ಹಳ್ಳಿಗೆ ಹೋಯ್ತು, ಇನ್ನೊಂದು ಕಡೆ ನಮ್ಮ ದೇಶಕ್ಕೂ ಬಂತು. 1940ರ ದಶಕದಲ್ಲಿ ಟಾವ್ ಮೋ ಎಂಬ ಕಲಾವಿದರು ಕಲ್ಕತ್ತೆಯಲ್ಲಿ ನೆಲೆಸಿ ನುಡಿಸಿದರು, ಕಲಿಸಿದರು. ಅಲ್ಲಿಂದ ಬೆಳೆದ ದಾರಿಯಲ್ಲೇ ವ್ಯಾನ್ ಶಿಪ್ಲಿ, ಹಜಾರಾ ಸಿಂಗ್, ಸುನಿಲ್ ಗಂಗೂಲಿ ಬರೋದು. ಸಿನಿಮಾ ಹಾಡಿನ ಧಾಟಿಯನ್ನು ಗಿಟಾರಿನಲ್ಲಿ ನುಡಿಸಿದ ಆ ರೆಕಾರ್ಡುಗಳು ನೆನಪಿವೆಯಾ? ಕಾರ್ಯಕ್ರಮ ಬೇಗ ಮುಗಿದು, ವಾರ್ತೆಗೆ ಇನ್ನೂ ಎರಡು ನಿಮಿಷ ಇದ್ದರೆ ಆಕಾಶವಾಣಿಯವರು ಅದನ್ನ ಹಾಕ್ತಿದ್ದರು. ಮುಂದೆ ವಿಶ್ವಮೋಹನ ಭಟ್ಟರು ಅದೇ ವಾದ್ಯಕ್ಕೆ ತಂತಿ ಸೇರಿಸಿ ಮೋಹನವೀಣೆ ಮಾಡಿ, ರೈ ಕೂಡರ್ ಜೊತೆ ನುಡಿಸಿ 1994ರಲ್ಲಿ ಗ್ರ್ಯಾಮಿ ತಂದರು.

ನಮ್ಮ ಹುಬ್ಬಳ್ಳಿ ಮನೆಯಲ್ಲಿ ರೇಡಿಯೋ ಇದ್ದದ್ದು ಅಡುಗೆಮನೆಯ ಗೂಡಿನಲ್ಲಿ. ಆ ಗಿಟಾರ್ ಬಂದರೆ ಅವ್ವ ರೊಟ್ಟಿ ಬಡಿಯೋದನ್ನ ಒಂದು ಕ್ಷಣ ನಿಲ್ಲಿಸೋಳು. “ಅಳೂಹಂಗ ಬಾರಸ್ತಾನ ನೋಡು” ಅನ್ನೋಳು. ಟೆಕ್ಸಸ್ಸಿನ ಹುಡುಗಿಯ ಹಾಡಿನ ಹಿಂದೆ ಅದೇ ಸದ್ದು ಕೇಳಿದಾಗ ನಾನೂ ಚಹಾದ ಕಪ್ಪು ಕೆಳಗಿಟ್ಟೆ.

ಹಾಡಿನಿಂದ ಹಾಡಿಗೆ

ಹದಿಮೂರು ಹಾಡು, ಒಟ್ಟು ಮುಕ್ಕಾಲು ಗಂಟೆ. ಎಲ್ಲವನ್ನೂ ವಿವರಿಸಲ್ಲ, ದಾರಿ ತೋರಿಸೋಕೆ ನಾಲ್ಕೈದು ಸಾಕು.

ಮೊದಲನೆಯದು ‘ಸ್ಲೋ ಬರ್ನ್’. ಒಂದೇ ಒಂದು ಗಿಟಾರಿನಿಂದ ಶುರುವಾಗಿ, ಒಂದೊಂದೇ ವಾದ್ಯ ಸೇರ್ತಾ ಹೋಗುತ್ತೆ. ಅವಸರ ಬೇಡ, ನಿಧಾನಕ್ಕೆ ಉರಿಯೋಣ ಅನ್ನೋದು ಹಾಡಿನ ಭಾವ. ಆಫೀಸಿನಿಂದ, ಲೋಕಲ್ ಟ್ರೇನಿನಿಂದ ಇಳಿದು ಬಂದವರಿಗೆ ಮೈ ಸಡಿಲ ಮಾಡೋ ಹಾಡು.

ಏಳನೆಯದು ‘ಸ್ಪೇಸ್ ಕೌಬಾಯ್’. ಹೆಸರು ನೋಡಿದರೆ ಅಂತರಿಕ್ಷದ ಕಥೆ ಅನ್ಸುತ್ತೆ. ಅಲ್ಲ! ಎರಡು ಪದಗಳ ನಡುವೆ ಆಕೆ ಒಂಚೂರು ನಿಲ್ಲಿಸ್ತಾಳೆ. ಆಗ ಗೊತ್ತಾಗುತ್ತೆ, ಸ್ಪೇಸ್ ಅಂದ್ರೆ ಇಲ್ಲಿ ಅಂತರಿಕ್ಷ ಅಲ್ಲ, ಅಂತರ. ‘ನಿನಗೆ ಬೇಕಾದ ದೂರ ನೀನು ತಗೋ, ತಡೆಯಲ್ಲ’ ಅಂತ ಗೆಳೆಯನನ್ನ ಬಿಟ್ಟುಕೊಡುವ ಹಾಡು. ಇಡೀ ಹಾಡು ಒಂದು ಅಲ್ಪವಿರಾಮದ ಮೇಲೆ ನಿಂತಿದೆ. ಮಾತಿನ ಶ್ಲೇಷೆಯ ಮೇಲೆ ಹಾಡು ಕಟ್ಟೋದು ಕಂಟ್ರಿಯ ಹಳೇ ಕಸುಬು, ಆ ಲೆಕ್ಕದಲ್ಲಿ ಇದು ಅಪ್ಪಟ ಕಂಟ್ರಿ.

ಎಂಟನೆಯದು ‘ಹ್ಯಾಪಿ ಆ್ಯಂಡ್ ಸ್ಯಾಡ್’. ತುಂಬಾ ಖುಷಿಯಾಗಿರುವಾಗಲೇ ಇದು ಮುಗಿದುಹೋಗುತ್ತಲ್ಲ ಅಂತ ಹೊಟ್ಟೆಯಲ್ಲಿ ಸಂಕಟ ಆಗುತ್ತಲ್ಲ, ಅದರ ಬಗ್ಗೆ. ರಜೆಗೆ ಊರಿಗೆ ಹೋಗಿ, ವಾಪಸ್ ಬರೋ ಹಿಂದಿನ ದಿನದ ಊಟ ನೆನೆಸ್ಕೊಳ್ಳಿ.

ಹನ್ನೊಂದನೆಯದು ‘ಹೈ ಹಾರ್ಸ್’. ಇಲ್ಲಿ ಒಮ್ಮೆಲೇ ಡಿಸ್ಕೋ! 1970ರ ದಶಕದ ನೃತ್ಯದ ತಾಳ. ಜಂಬದ ಕೋಳಿಯೊಂದಕ್ಕೆ ‘ನಿನ್ನ ಕುದುರೆ ಹತ್ಕೊಂಡು ಹೊರಡಪ್ಪಾ’ ಅನ್ನುವ ತಮಾಷೆ. ಕಂಟ್ರಿ ರೇಡಿಯೋದವರಿಗೆ ಇದು ಯಾಕೆ ಗಂಟಲಲ್ಲಿ ಇಳೀಲಿಲ್ಲ ಅಂತ ಇದನ್ನ ಕೇಳಿದರೆ ತಿಳಿಯುತ್ತೆ.

ಹನ್ನೆರಡನೆಯದು ಹೆಸರಿನ ಹಾಡು, ‘ಗೋಲ್ಡನ್ ಅವರ್’. ಫೋಟೋ ತೆಗೆಯುವವರಿಗೆ ಈ ಮಾತು ಗೊತ್ತು. ಸೂರ್ಯ ಹುಟ್ಟಿದ ಮೇಲಿನ, ಮುಳುಗುವ ಮುಂಚಿನ ಹೊನ್ನಿನ ಹೊತ್ತು. ಸೂರ್ಯ ಕೆಳಗಿದ್ದಾಗ ಬೆಳಕು ಓರೆಯಾಗಿ, ಗಾಳಿಯ ಹೆಚ್ಚು ದಪ್ಪದ ಪದರ ದಾಟಿ ಬರಬೇಕು. ದಾರಿಯಲ್ಲಿ ನೀಲಿ ಚದುರಿಹೋಗುತ್ತೆ, ನಮ್ಮ ತನಕ ಬರೋದು ಹಳದಿ, ಕೆಂಪು. ನೇರ ಬಿಸಿಲಿನಲ್ಲಿ ಕಣ್ಣು ಕುಕ್ಕುವ ಅದೇ ಟ್ಯಾಂಕು, ಅದೇ ಡಿಶ್ ಆಂಟೆನಾ ಆಗ ಚೆಂದ ಕಾಣುತ್ತೆ. ಮೇ ತಿಂಗಳಲ್ಲಿ ಪುಣೆಯಲ್ಲಿ ಸೂರ್ಯ ಮುಳುಗೋದು ಏಳರ ಆಸುಪಾಸು. ಆರೂಕಾಲಿಗೆ ಮೊದಲ ಹಾಡು ಹಚ್ಚಿದರೆ ಈ ಹಾಡು ಸರಿಯಾಗಿ ಆ ಬೆಳಕಿಗೆ ಬಂದು ಸೇರುತ್ತೆ. ಶಫಲ್ ಮಾಡಬ್ಯಾಡ ಅಂತ ಮಗಳು ಹೇಳಿದ್ದು ಸುಮ್ಮನಲ್ಲ. ಕಲಬೆರಕೆ ಮಾಡಿದರೆ ಡಿಸ್ಕೋ ಮೊದಲು ಬಂದು, ಬೆಳಕು ಹೋದ ಮೇಲೆ ‘ಸ್ಲೋ ಬರ್ನ್’ ಬರುತ್ತೆ. ರಾಗದಲ್ಲಿ ದ್ರುತ್ ಮುಗಿಸಿ ಆಲಾಪಕ್ಕೆ ಕೂತ ಹಾಗೆ.

ಕೊನೆಗೆ ‘ರೇನ್‌ಬೋ’. ಪಿಯಾನೋ ಮತ್ತು ದನಿ, ಬೇರೇನೂ ಇಲ್ಲದಷ್ಟು ಸರಳ. ಮಳೆ ನಿಂತರೂ ಕೊಡೆ ಮಡಚದೆ ನಿಂತವರಿಗೆ ಒಂದು ಸಮಾಧಾನ.

ಒಂದೂಕಾಲು ನಿಮಿಷದ ಹಾಡು

ಒಂದನ್ನ ಬೇಕಂತಲೇ ಬಿಟ್ಟಿದ್ದೆ. ಐದನೆಯದು, ‘ಮದರ್’. ಒಂದೂಕಾಲು ನಿಮಿಷ ಅಷ್ಟೇ, ಮೊದಲ ಎರಡು ಸಲ ನನ್ನ ಗಮನಕ್ಕೇ ಬರದೆ ದಾಟಿಹೋಗಿತ್ತು. ಮೂರನೇ ಸಲ ಸಾಹಿತ್ಯ ಮುಂದಿಟ್ಕೊಂಡು ಕೇಳಿದೆ. ಏನೂ ಆಗಿಲ್ಲ ಅದರಲ್ಲಿ. ದೂರದ ಊರಲ್ಲಿ ಕೂತ ಮಗಳಿಗೆ ಅಮ್ಮ ನೆನಪಾಗ್ತಾಳೆ. ಅಲ್ಲಿ ಅಮ್ಮನಿಗೂ ಈಗ ತನ್ನ ಅಮ್ಮ ನೆನಪಾಗ್ತಿರಬಹುದು ಅನ್ನಿಸುತ್ತೆ. ಅಷ್ಟೇ ಹಾಡು, ಮುಗೀತು.

ಆಗ ನನಗೆ ಒಂದು ವಿಷಯ ಹೊಳೀತು. ಜನವರಿಯಿಂದ ನಾನು ಅವ್ವನನ್ನ ಕಳ್ಕೊಂಡೆ, ನನ್ನ ಫೋನ್ ಬರೋದು ನಿಂತಿತು ಅಂತಲೇ ಲೆಕ್ಕ ಹಾಕಿದ್ದೆ. ಹೈದರಾಬಾದಿನಲ್ಲಿ ಕೂತ ಹುಡುಗಿ ಅಜ್ಜಿಯನ್ನ ಕಳ್ಕೊಂಡಿದ್ದಳು. ಜೊತೆಗೆ, ಮಾತಾಡದೆ ಕೂತ ಅಪ್ಪನನ್ನ ದೂರದಿಂದ ನೋಡ್ತಾ ಇದ್ದಳು. ನಾನು ಒಂದು ಸಲವೂ ‘ನಿನಗ ಹೆಂಗನಸ್ತದವಾ’ ಅಂತ ಕೇಳಿರಲಿಲ್ಲ.

ಅವತ್ತು ಆಲ್ಬಂ ಪೂರ್ತಿ ಮುಗಿಯೋ ತನಕ ಕಾಯಲಿಲ್ಲ, ಕ್ಷಮಿಸಿ. ನಿಲ್ಲಿಸಿ ಅವಳಿಗೆ ಫೋನ್ ಮಾಡಿದೆ. ಏನು ಮಾತಾಡಬೇಕು ಅಂತ ಗೊತ್ತಾಗದೆ ಬಾಯಿಗೆ ಬಂದದ್ದು ಇಷ್ಟೇ: “ಚಾ ಆತೇನವಾ? ಬಿಸಲ ಭಾಳ ಐತೇನು ಅಲ್ಲೆ?” ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಕ್ಕಳು, ಆಮೇಲೆ ಅತ್ತಳು. ಈಗ ದಿನಾ ಏಳಕ್ಕೆ ಫೋನು. ಆರೂಕಾಲಿನಿಂದ ಏಳರವರೆಗೆ ಆಲ್ಬಂ.

ನೀವು ಕೇಳೋದಾದರೆ

ಮೂರೇ ಮಾತು. ಒಂದು, ಕ್ರಮ ತಪ್ಪಿಸದೆ ಕೇಳಿ. ಹಾಡುಗಳನ್ನ ಒಂದರೊಳಗೆ ಒಂದು ಬೆರೆಸೋ ಸೆಟ್ಟಿಂಗ್ ಆ್ಯಪಿನಲ್ಲಿ ಇದ್ದರೆ ಆಫ್ ಮಾಡಿ. ಎರಡು, ಇಯರ್‌ಫೋನ್ ಬೇಡ, ಸಣ್ಣ ಸ್ಪೀಕರ್ ಸಾಕು. ಬಾಲ್ಕನಿಯಲ್ಲಿ ಕಾಗೆ, ಕುಕ್ಕರ್ ಸೀಟಿ, ಕೆಳಗೆ ಕ್ರಿಕೆಟ್ ಆಡೋ ಹುಡುಗರು ಎಲ್ಲ ಕೇಳ್ತಾ ಇರಲಿ. ಮೂರು, ಮೊದಲ ಸಲ ಸದ್ದು ಕೇಳಿ, ಎರಡನೇ ಸಲ ಸಾಹಿತ್ಯ ಓದ್ತಾ ಕೇಳಿ.

ಇಷ್ಟ ಆಗದಿದ್ದರೆ ಬೇಜಾರಿಲ್ಲ, ನಿಮ್ಮ ಆರೂಕಾಲಿಗೆ ಬೇರೆ ಏನೋ ಇರಬಹುದು. ಅದೇನು ಅಂತ ಬರೆದು ತಿಳಿಸಿ, ನಾನೂ ಕೇಳ್ತೀನಿ. ಮುಂದಿನ ವಾರ ಸಿಗೋಣ. ನಮಸ್ಕಾರ.